ಹೆಣ ಕಾಯುವ ಮನೆಯಲ್ಲಿ ಎಲ್ಪಿದ್ಯೊನ ಮಾತ್ರೆ

ಸಕ್ಕರೆ ಮಿಲ್ಲಿನ ಹಿಂದಿನ ಬೀದಿಯ ಹಸಿಂತೊ ಮುದುಕ ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ಯೋಚಿಸಿದ್ದು ಮುದುಕನ ಆತ್ಮದ ಬಗ್ಗೆ ಅಲ್ಲ, ನನ್ನ ಟ್ರಾಂಬೋನಿನ ಬಗ್ಗೆ. ಊರಿನ ಬ್ಯಾಂಡಿನಲ್ಲಿ ಅದನ್ನು ಊದುವವನು ನಾನು. ಮದುವೆಗಳಿಗೆ ನಮ್ಮನ್ನು ಈಗ ಯಾರೂ ಕರೆಯುವುದಿಲ್ಲ, ಧ್ವನಿವರ್ಧಕ ಬಾಡಿಗೆಗೆ ಸಿಗುತ್ತದೆ. ಸತ್ತವರು ಮಾತ್ರ ಇನ್ನೂ ನಮ್ಮನ್ನು ಸಹಿಸಿಕೊಂಡಿದ್ದಾರೆ. ಆಮೇಲೆ ನೆನಪಾದದ್ದು ಎಲ್ಪಿದ್ಯೊ.

ಎಲ್ಪಿದ್ಯೊ ಮುದುಕನ ಕಿರಿಯ ಮಗ. ಅವನ ದೊಡ್ಡ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು ನಾನು, ಹಾಗಾಗಿ ನಾವಿಬ್ಬರೂ ಒಬ್ಬರಿಗೊಬ್ಬರು 'ಪಾರೆ'. ಅವನ ಹೆಂಡತಿ ಸಿಲ್ದಾ ನನಗೆ 'ಮಾರೆ'. ಸುಟ್ಟುಹೋದ ಫ್ಯಾನಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ಬಿಸಿಲುಗಾಲದಲ್ಲಿ ಅರ್ಧ ಊರು ತಮ್ಮ ಫ್ಯಾನುಗಳನ್ನು ಮಗುವಿನ ಹಾಗೆ ಎತ್ತಿಕೊಂಡು ಅವನ ಅಂಗಡಿಗೆ ಬರುತ್ತಿತ್ತು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುತ್ತು ತಪ್ಪದೆ ಸುತ್ತುವಷ್ಟು ತಾಳ್ಮೆ ಇದ್ದ ಆ ಮನುಷ್ಯನಿಗೆ ಇಸ್ಪೀಟಿನ ಎಲೆ ಕಂಡರೆ ಮಾತ್ರ ಮೈಯಲ್ಲಿ ಬೇರೆ ಯಾರೋ ಬಂದು ಕೂರುತ್ತಿದ್ದರು. ಮೊದಲು ಇಸ್ಪೀಟು, ಆಮೇಲೆ ಫೋನಿನೊಳಗಿನ ಕೋಳಿ ಅಂಕ, ಅದನ್ನು ಸರ್ಕಾರ ನಿಲ್ಲಿಸಿದ ಮೇಲೆ ಫೋನಿನೊಳಗೆ ತಿರುಗುವ ಬಣ್ಣದ ಚಕ್ರಗಳು. ಕಕ್ಕಸಿನಲ್ಲಿ ಕೂತು ಆಡುತ್ತಿದ್ದ. ಹೊಟ್ಟೆ ಕೆಟ್ಟಿದೆ ಎಂದು ಸಿಲ್ದಾ ಪಾಪ ಅಷ್ಟು ಕಾಲ ಪೇರಲೆ ಚಿಗುರಿನ ಕಷಾಯ ಕುಡಿಸಿದಳು. ಅವನ ಜೊತೆ ನಾನೂ ಆಡಿದವನೇ. ನನಗೆ ಚಟ ಹತ್ತಲಿಲ್ಲ ಎಂಬುದು ನನ್ನ ದೊಡ್ಡತನವೇನಲ್ಲ. ಗೆಲ್ಲುವ ರುಚಿ ಹೇಗಿರುತ್ತದೆ ಎಂದು ನನಗೆ ಗೊತ್ತಾಗಲೇ ಇಲ್ಲ.

ಜೂಜಿನ ಸಾಲಕ್ಕೆ ಅಂಗಡಿಯ ತಂತಿ ಸುತ್ತುವ ಯಂತ್ರವೇ ಮಾರಿಹೋದ ದಿನ ಸಿಲ್ದಾಗೆ ಕಷಾಯದ ಮಿತಿ ತಿಳಿಯಿತು. ಗಂಡನನ್ನು ನಗರದ ಮನೋರೋಗದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಒಂದು ಮಾತ್ರೆ ಬರೆದುಕೊಟ್ಟರು. ನಾಲ್ಟ್ರೆಕ್ಸೋನ್ ಎಂದು ಹೆಸರು. ನಮ್ಮ ಬಾಯಿಗೆ ಅದು ಹಿಡಿಸಲಿಲ್ಲ, 'ಡಾಕ್ಟರ ಮಾತ್ರೆ' ಅಂದೆವು. ಗೆದ್ದಾಗ, ಗೆಲ್ಲುವ ಹತ್ತಿರ ಹೋದಾಗ, ತಲೆಯೊಳಗೆ ಒಂದು ನಲ್ಲಿ ತೆರೆದು ಕಬ್ಬಿನ ಹಾಲು ಹರಿದಂತಾಗುತ್ತದಲ್ಲ, ಈ ಮಾತ್ರೆ ಆ ನಲ್ಲಿಯನ್ನು ಬಿಗಿಯುತ್ತದೆ ಎಂದು ಡಾಕ್ಟರು ವಿವರಿಸಿದರಂತೆ. "ನಲ್ಲಿ ನಾನು ಕಟ್ತೀನಿ. ಕೈ ನೀವೇ ಕಟ್ಕೋಬೇಕು" ಎಂದೂ ಹೇಳಿದರಂತೆ.

ದಿನಾ ಬೆಳಿಗ್ಗೆ ಗಂಜಿಯ ಜೊತೆ ಒಂದು ಮಾತ್ರೆ. ಸಿಲ್ದಾ ಅವನ ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಮೊದಲ ವಾರ ವಾಕರಿಕೆ, ತಲೆನೋವು. ಆಮೇಲೆ ಒಂದು ದಿನ ಅವನು ನನ್ನ ಪಕ್ಕ ಕೂತು ಹೇಳಿದ: "ಪಾರೆ, ನಿನ್ನೆ ಮಿಲ್ ಗೇಟಿನ ಹತ್ರ ಆಟ ನಡೀತಿತ್ತು. ನಿಂತು ನೋಡ್ದೆ. ಯಾರದೋ ಮದುವೆ ವಿಡಿಯೊ ನೋಡಿದ ಹಾಗಾಯ್ತು. ಮದುಮಗ ಯಾರು ಅಂತಾನೂ ಗೊತ್ತಿಲ್ಲ, ಊಟಾನೂ ಇಲ್ಲ." ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ದುಃಖವೂ ಇತ್ತು. ಆದರೆ ಮನೆ ನಿಂತಿತು. ಮಳೆ ಹಿಡಿಯುವ ಹೊತ್ತಿಗೆ ಬಾಡಿಗೆ ಯಂತ್ರದಲ್ಲಿ ಮತ್ತೆ ತಂತಿ ಸುತ್ತತೊಡಗಿದ.

ಅಷ್ಟರಲ್ಲಿ ಅಪ್ಪ ಸತ್ತ.

ನಮ್ಮಲ್ಲಿ ಹೂಳುವವರೆಗೆ ಹೆಣ ಒಂಟಿಯಾಗಿರಬಾರದು. ಅದರ ಬಳಿ ಸದಾ ಯಾರಾದರೂ ಎಚ್ಚರವಿರಬೇಕು. ಎಚ್ಚರವಿರಲು ಜನ ಬೇಕು, ಜನ ನಿಲ್ಲಲು ಅಂಗಳದಲ್ಲಿ ಇಸ್ಪೀಟು ಬೇಕು. ಗೆದ್ದವನು ಪ್ರತಿ ಆಟಕ್ಕೂ ಒಂದು ಚೂರನ್ನು ಡಬ್ಬಿಗೆ ಹಾಕುತ್ತಾನೆ. ಆ 'ತೊಂಗ್' ಸತ್ತವನ ಮನೆಯ ಖರ್ಚಿಗೆ. ಹೀಗೆ ನಮ್ಮೂರಿನ ಎಷ್ಟೋ ಪುಣ್ಯವಂತರು ಜೂಜಿನ ದುಡ್ಡಿನಲ್ಲೇ ಸ್ವರ್ಗದ ದಾರಿ ಹಿಡಿದಿದ್ದಾರೆ. ಪಾದ್ರಿಗಳಿಗೂ ಗೊತ್ತು, ಪೊಲೀಸರಿಗೂ ಗೊತ್ತು. ಸಾಲದ್ದಕ್ಕೆ ಹಿರಿಯ ಮಗ ರೊಮುಲೊ ಹಡಗಿನ ಕೆಲಸದಲ್ಲಿ ಸಮುದ್ರದ ಮೇಲಿದ್ದ. ಅವನು ಬಂದು ಅಪ್ಪನ ಮುಖ ನೋಡುವವರೆಗೆ ಹೂಳುವಂತಿಲ್ಲ.

ಮೊದಲ ಜಗಳ ಶವಪೆಟ್ಟಿಗೆಯ ಎದುರಿಗೇ ಆಯಿತು.

"ಅಂಗಳದಲ್ಲಿ ಎಲೆ ಬೀಳೋದು ಬೇಡ, ತಿಯಾ" ಅಂದಳು ಸಿಲ್ದಾ.

ತಿಯಾ ಕೊನ್ಸಿಂಗ್, ಅಂದರೆ ಎಲ್ಪಿದ್ಯೊನ ಸೋದರತ್ತೆ, ಮುದುಕನ ತಂಗಿ, ಜಪಮಾಲೆಯನ್ನು ಮಡಿಲಿಗೆ ಹಾಕಿದಳು. "ಹಾಗಾದ್ರೆ ನಮ್ಮಣ್ಣನ ಜೊತೆ ಯಾರಮ್ಮ ಕೂರ್ತಾರೆ? ನಿನ್ನ ಫ್ರಿಜ್ಜಾ? ಎದುರುಮನೆಯವನು ಸತ್ತಾಗ ಏಳು ಮೇಜು ಬಿದ್ದಿತ್ತು. ಅವನು ಬದುಕಿದ್ದಾಗ ಅವನ ನಾಯಿನೂ ಅವನ ಹತ್ರ ಕೂರ್ತಿರಲಿಲ್ಲ."

"ನಿಮ್ಮ ಹುಡುಗನ ವಿಷ್ಯ ನಿಮಗೆ ಗೊತ್ತಿಲ್ವಾ?"

"ಗೊತ್ತು. ಮೆಲ್ಲಗೆ ಮಾತಾಡು. ಊರಿಗೆಲ್ಲ ಗೊತ್ತಾಗೋದು ಬೇಡ."

ಊರಿಗೆಲ್ಲ ಗೊತ್ತಿತ್ತು. ಆದರೂ ನಾನು ಬಿಸ್ಕತ್ತಿನ ತಟ್ಟೆಯ ಕಡೆ ನೋಡಿದೆ. ಕಡೆಗೆ ಎಲ್ಪಿದ್ಯೊನೇ ಎದ್ದು ನಿಂತ. ತೊಂಗ್ ಡಬ್ಬಿಯನ್ನು ಮನೆಯ ಮಗನೇ ಹಿಡಿಯಬೇಕು, ಅಣ್ಣ ಇಲ್ಲ, ತಾನು ಹಿಡಿಯುತ್ತೇನೆ, ಆಡುವುದಿಲ್ಲ ಅಂದ.

ಸಿಲ್ದಾ ಖಾಲಿ ಡಬ್ಬಿಯನ್ನು ಅವನ ಕೈಗಿಟ್ಟಳು. "ಹಿಡ್ಕೊ. ಆದ್ರೆ ಒಂದೇ ಒಂದು ಎಲೆ ನಿನ್ನ ಕೈಗೆ ಬಂತೋ, ಮಕ್ಕಳನ್ನ ಕರ್ಕೊಂಡು ಗಿಮರಾಸ್‌ಗೆ, ನಮ್ಮಮ್ಮನ ಮನೆಗೆ ಹೊರಟೆ. ನಿಮ್ಮಪ್ಪನ್ನ ಎತ್ತೋವರೆಗೂ ಕಾಯಲ್ಲ." ಅವಳು ಬೆದರಿಸುವಾಗ ದನಿ ಏರಿಸುವವಳಲ್ಲ. ಅದಕ್ಕೇ ಹೆದರಿಕೆ ಆಗುವುದು.

ಅಂಗಳಕ್ಕೆ ನೀಲಿ ಟಾರ್ಪಾಲು ಬಂತು, ಮೇಜುಗಳು ಬಂದವು, ಕಲ್ಲಂಗಡಿ ಬೀಜ ಬಂತು, ಆಟಗಾರರು ಬಂದರು. ಎಲ್ಪಿದ್ಯೊ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದ. ದೊಡ್ಡ ಆಟ ಬಿದ್ದಾಗ ಸುತ್ತ ಇದ್ದವರೆಲ್ಲ ಕುರ್ಚಿಯಿಂದ ಅರ್ಧ ಎದ್ದರೂ ಇವನು ಮಾತ್ರ ಬಸ್ಸು ಕಾಯುವವನ ಹಾಗೆ ನಿಂತಿರುತ್ತಿದ್ದ. ಬೆಳಿಗ್ಗೆ ಗಂಜಿ ಕುಡಿದು, ಅಪ್ಪನ ತಲೆಯ ಬಳಿಯ ಸಂತ ಅಂತೋನಿಯ ಕಾಲಿನ ಹತ್ತಿರ ಸಿಲ್ದಾ ಇಟ್ಟಿದ್ದ ಡಬ್ಬಿಯಿಂದ ಒಂದು ಮಾತ್ರೆ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು ನುಂಗುತ್ತಿದ್ದ.

ಇದನ್ನೆಲ್ಲ ತಿಬುರ್ಸಿಯೊ ಗಮನಿಸುತ್ತಿದ್ದ. ತಿಬುರ್ಸಿಯೊ ಅಂಕದ ಕೋಳಿ ಸಾಕುವವನು, ಹೆಣದ ಮನೆಗೂ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವವನು. ಅದೃಷ್ಟ ತರುವ ತಾಯಿತ ಎಂದು ಯಾರು ಏನು ಕೊಟ್ಟರೂ ನುಂಗುವ ಅಭ್ಯಾಸ ಅವನಿಗೆ. ಒಂದು ಶುಭ ಶುಕ್ರವಾರ ಬಾಳೆಹೂವಿನಿಂದ ಬೀಳುವ ಮಂತ್ರದ ಕಲ್ಲನ್ನು ಹಿಡಿಯಲು ಗಿಡದ ಕೆಳಗೆ ಬಾಯಿ ತೆರೆದು ಕೂತಿದ್ದ. ಬಾಯಿಗೆ ಬಿದ್ದದ್ದು ಕೆಂಜಿಗ.

"ತಿಯಾ, ಎಲ್ಪಿದ್ಯೊ ನುಂಗೋದು ಏನು ಅದು?" ಎಂದು ಕೇಳಿದ.

ಮನೋರೋಗದ ಡಾಕ್ಟರು ಎಂದು ಹೇಳುವುದಕ್ಕಿಂತ ತಾನೇ ಪೆಟ್ಟಿಗೆಯೊಳಗೆ ಅಣ್ಣನ ಪಕ್ಕ ಮಲಗುವುದು ವಾಸಿ ಅನ್ನಿಸಿತು ತಿಯಾ ಕೊನ್ಸಿಂಗ್‌ಗೆ. "ಸಿಕಿಹೋರ್ ದ್ವೀಪದ ವೈದ್ಯ ಕೊಟ್ಟಿದ್ದಪ್ಪ" ಅಂದಳು. "ಮನಸ್ಸು ಅಲ್ಲಾಡಬಾರದು ಅಂತ."

ಮಂತ್ರವಾದಿಗಳ ದ್ವೀಪ, ಸಂತನ ಕಾಲಡಿಯ ಡಬ್ಬಿ, ಹೆಣದ ಸಾನ್ನಿಧ್ಯ, ಅಲ್ಲಾಡದ ಮನಸ್ಸು. ಜೂಜುಕೋರನಿಗೆ ಇನ್ನೇನು ಬೇಕು? ಆ ಹೊತ್ತಿನಿಂದ ತಿಬುರ್ಸಿಯೊ ನಮ್ಮೆಲ್ಲರಿಗಿಂತ ಭಕ್ತಿಯಿಂದ ಜಪಮಾಲೆ ಪ್ರಾರ್ಥನೆಗೆ ಬರತೊಡಗಿದ. ಸಾಧ್ಯವಾದಷ್ಟು ಸಂತನ ಹತ್ತಿರ ಮಂಡಿಯೂರುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಮಾತ್ರೆಯ ಡಬ್ಬಿ ಖಾಲಿ.

ಸಿಲ್ದಾ ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಸಂತನನ್ನು ಎತ್ತಿ ನೋಡಿದಳು. ಆಮೇಲೆ ಡಬ್ಬಿಯನ್ನು ಗಂಡನ ಗಂಜಿ ಬಟ್ಟಲಿನ ಪಕ್ಕ ಇಟ್ಟಳು.

"ಎಲ್ಲಿ ಬಿಸಾಕ್ದೆ?"

"ನಾನು ಮುಟ್ಟಿಲ್ಲ ಸಿಲ್ದಾ."

"ಮೇಜು ನೋಡ್ತಾ ನೋಡ್ತಾ ಆಸೆ ಬಂತು. ಮಾತ್ರೆ ಇದ್ರೆ ಆಟಕ್ಕೆ ರುಚಿ ಇರಲ್ಲ, ಅದಕ್ಕೆ ಬಿಸಾಕ್ದೆ. ಹೌದು ತಾನೆ?"

"ಅಪ್ಪನಾಣೆ."

"ನಿಮ್ಮಪ್ಪ ಬದುಕಿದ್ದಾಗಲೂ ಇದೇ ಆಣೆ ಹಾಕ್ತಿದ್ದೆ. ಪಾಪ, ಅದಕ್ಕೇ ಹೋದ್ನೋ ಏನೋ."

ಅವನು ನನ್ನ ಕಡೆ ನೋಡಿದ. ನಾನು ಬಾಯಿ ತೆರೆದೆ, ಆದರೆ ನನ್ನ ಸಾಕ್ಷಿಗೆ ಆ ಮನೆಯಲ್ಲಿ ಏನು ಬೆಲೆ? ಹಿಂದೆ ಇವನ ಪರವಾಗಿ ನಾನು ಹೇಳಿದ ಸುಳ್ಳುಗಳನ್ನು ಸಿಲ್ದಾ ಒಂದೂ ಮರೆತಿರಲಿಲ್ಲ. "ಪಾರೆ, ನೀವು ಸುಮ್ನಿರಿ" ಎಂದಳು.

ನಗರಕ್ಕೆ ಫೋನು ಮಾಡಿದಾಗ ಡಾಕ್ಟರು ಸೋಮವಾರದವರೆಗೆ ಬರುವುದಿಲ್ಲವೆಂದೂ ಅವರ ಚೀಟಿಯಿಲ್ಲದೆ ಅಂಗಡಿಯವರು ಕೊಡುವುದಿಲ್ಲವೆಂದೂ ತಿಳಿಯಿತು. ಒಂದೆರಡು ದಿನ ತಪ್ಪಿದ ಮಾತ್ರಕ್ಕೆ ಮಾತ್ರೆಯ ಕಾವಲು ಪೂರ್ತಿ ಎದ್ದು ಹೋಗುವುದಿಲ್ಲ, ಗಾಬರಿ ಬೇಡ ಎಂದು ನರ್ಸಮ್ಮ ಹೇಳಿದರು. ಆದರೆ ಹೆದರಿದವನ ಮೈ ನರ್ಸಮ್ಮನ ಮಾತು ಕೇಳುತ್ತದೆಯೇ? ಶುಕ್ರವಾರ ಸಂಜೆಗೆ ಎಲ್ಪಿದ್ಯೊ ಮೇಜಿನ ಬಳಿ ಬಸ್ಸು ಕಾಯುವವನ ಹಾಗೆ ನಿಂತಿರಲಿಲ್ಲ. ಬಸ್ಸು ಬಂದೇಬಿಟ್ಟಿತು ಅನ್ನುವವನ ಹಾಗೆ ನಿಂತಿದ್ದ. ಎಲೆ ಕಲೆಸುವ ಸದ್ದಿಗೆ ಅವನ ಕತ್ತು ತಾನಾಗಿ ತಿರುಗುತ್ತಿತ್ತು. ತೊಂಗ್ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದ. ಒಳಗೆ ಸಿಲ್ದಾ ಮಕ್ಕಳ ಬಟ್ಟೆ ಮಡಿಸುತ್ತಿದ್ದಳು. ಚೀಲದ ಜಿಪ್ಪು ಅರ್ಧ ಎಳೆದು ಬಾಗಿಲ ಮೂಲೆಯಲ್ಲಿ ಇಟ್ಟಳು. ಪೂರ್ತಿ ಎಳೆಯಲಿಲ್ಲ.

ಶನಿವಾರ ಮಧ್ಯಾಹ್ನ ದೊಡ್ಡ ಆಟ. ಮಿಲ್ಲಿಗೆ ರಜೆ, ಅಂಗಳ ತುಂಬಿತ್ತು. ತಿಬುರ್ಸಿಯೊ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದ. ಅವನ ಹಿಂದೆ ಅವನ ಮೇಜಿನ ಗೆಳೆಯರು. ಎಲ್ಲರ ಮುಖದಲ್ಲೂ ಪರೀಕ್ಷೆಯ ಪ್ರಶ್ನೆ ಮೊದಲೇ ಸಿಕ್ಕಿದವರ ಗಾಂಭೀರ್ಯ. ಆಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ತಿಬುರ್ಸಿಯೊ ಒಳ್ಳೆಯ ಕೈ ಬಿಚ್ಚಿ ಮೇಜಿನ ಮೇಲೆ ಹಾಕಿದ. ಸುತ್ತಲಿನವರು ಹೋ ಎಂದರು. ಅವನು ಮಾತ್ರ ತನ್ನ ಎಲೆಗಳನ್ನೇ ನೋಡುತ್ತ ಕೂತ.

"ಏನೋ, ಗೆದ್ದೆ ಕಣೋ" ಅಂದೆ.

"ಗೊತ್ತು" ಅಂದ. "ಆದ್ರೆ ಉಪ್ಪಿಲ್ಲ."

"ಏನು ಉಪ್ಪಿಲ್ಲ?"

"ಗೆದ್ದದ್ರಲ್ಲಿ ಉಪ್ಪಿಲ್ಲ. ಸಪ್ಪೆ. ಮನೋಂಗ್, ಅಣ್ಣಾ, ನನಗೆ ಹೊಟ್ಟೆ ತೊಳಸ್ತಾ ಇದೆ." ಎದ್ದವನೇ ಬಾಳೆಗಿಡದ ಬುಡಕ್ಕೆ ಓಡಿದ. ಅವನ ಕೋಳಿ ಕುರ್ಚಿಯ ಮೇಲೆ ಒಬ್ಬನೇ ಯಜಮಾನನ ಹಾಗೆ ಕೂತಿತ್ತು. ಮುಂದಿನ ಆಟದಲ್ಲಿ ಅವನ ಮೇಜಿನ ಇನ್ನೊಬ್ಬ ಎದ್ದ. ಆಮೇಲೆ ಮತ್ತೊಬ್ಬ. ಬಾಳೆಗಿಡದ ಬುಡದಲ್ಲಿ ಸಾಲು ಹತ್ತಿತು.

ಇದು ಗಂಜಿಗೆ ಹಾಕಿದ ಕೋಳಿ ಹಳಸಿದ್ದು, ಇಲ್ಲವೇ ಮುದುಕನ ಆತ್ಮ ಸಿಟ್ಟಾಗಿದೆ ಎಂದು ಅಂಗಳದಲ್ಲಿ ಗುಸುಗುಸು ಎದ್ದಿತು. ಎರಡರಲ್ಲಿ ಯಾವುದೇ ಆಗಿರಲಿ, ಅಲ್ಲಿ ನಿಲ್ಲುವುದು ಕ್ಷೇಮವಲ್ಲ ಎಂದು ಚೆನ್ನಾಗಿದ್ದವರೂ ಮೆಲ್ಲಗೆ ಜಾಗ ಖಾಲಿ ಮಾಡತೊಡಗಿದರು. ಹೆಣದ ಮನೆಯಿಂದ ಹೋಗುವವರನ್ನು ಮನೆಯವರು ಕಳಿಸಿಕೊಡಬಾರದು, 'ಹೋಗಿ ಬನ್ನಿ' ಅನ್ನಬಾರದು. ಅಂದರೆ ಸಾವು ಅವರ ಬೆನ್ನು ಹತ್ತುತ್ತದೆ. ತಿಯಾ ಕೊನ್ಸಿಂಗ್ ಬಾಯಿಗೆ ಕರವಸ್ತ್ರ ಒತ್ತಿ ನಿಂತು, ಖಾಲಿಯಾಗುವ ಕುರ್ಚಿಗಳನ್ನು ನೋಡುತ್ತಿದ್ದಳು. ತಡೆಯುವುದಕ್ಕೂ ಬಾಯಿ ಇಲ್ಲ, ಕಳಿಸುವುದಕ್ಕೂ ಇಲ್ಲ.

ಬಾಳೆಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ ತಿಬುರ್ಸಿಯೊಗೆ ಸಿಲ್ದಾ ಶುಂಠಿ ನೀರು ಕೊಡಲು ಹೋದಳು. ವಾಂತಿ ಮಾಡುವವನಿಗೆ ಸುಳ್ಳು ಹೇಳುವ ಶಕ್ತಿ ಇರುವುದಿಲ್ಲ.

"ಮನಾಂಗ್ ಸಿಲ್ದಾ, ಅಕ್ಕಾ, ಅದು ಯಾವ ಸೀಮೆ ತಾಯಿತ? ನಾನು ಎರಡು ನುಂಗಿದ್ದೆ, ಉಳಿದದ್ದು ಇವರಿಗೆ ಹಂಚಿದ್ದೆ."

ಸಿಲ್ದಾಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಲೋಟವನ್ನು ಅವನ ಕೈಗೆ ಹಾಕಿ, ನೇರವಾಗಿ ಗಂಡನ ಹತ್ತಿರ ಬಂದಳು. ನಾನು ಪಕ್ಕದಲ್ಲೇ ಇದ್ದೆ.

"ಮಾತ್ರೆ ಹೋದದ್ದು ನಿನ್ನ ತಪ್ಪಲ್ಲ" ಅಂದಳು. ಎಲ್ಪಿದ್ಯೊನ ಭುಜ ಇಳಿಯಿತು. "ಆದ್ರೆ ಎಲೆ ಮುಟ್ಟಿದ್ರೆ ಅದು ನಿನ್ನ ತಪ್ಪೇ. ನಾನು ಹೇಳಿದ ಮಾತು ಹಾಗೇ ಇದೆ." ಅವನ ಭುಜ ಮತ್ತೆ ಏರಿತು.

ಸಂಜೆಯಾಗುವ ಹೊತ್ತಿಗೆ ಅಂಗಳದಲ್ಲಿ ಉಳಿದವರು ಬೆರಳೆಣಿಕೆ. ಅದೇ ಹೊತ್ತಿಗೆ ರೊಮುಲೊನ ಫೋನು ಬಂತು: ವಿಮಾನ ಇಳಿದಿದ್ದೇನೆ, ಬಸ್ಸು ಹತ್ತುತ್ತಿದ್ದೇನೆ. ತಿಯಾ ಕೊನ್ಸಿಂಗ್ ಎದೆ ಹಿಡಿದುಕೊಂಡಳು. ಸಮುದ್ರ ದಾಟಿ ಬರುವ ಮಗನಿಗೆ ಖಾಲಿ ಕುರ್ಚಿಗಳ ನಡುವೆ ಒಂಟಿ ಬಿದ್ದ ಅಪ್ಪನನ್ನು ತೋರಿಸುವುದೇ?

ಆಗ ಕಬ್ಬಿನ ಲಾರಿಯ ಡ್ರೈವರುಗಳಿಬ್ಬರು, ದೀಪ ಕಂಡು, ಒಳಗೆ ಬಂದರು. ಬೇರೆ ಊರಿನವರು. ಹೆಣಕ್ಕೆ ಕೈಮುಗಿದು ಸೀದಾ ಮೇಜಿಗೆ ಬಂದು ಕೂತರು. ನಾನು ಮೂರನೆಯವನಾಗಿ ಕೂತೆ. ಆಟಕ್ಕೆ ನಾಲ್ವರು ಬೇಕು. ಉಳಿದವರೆಲ್ಲ ಮುದುಕಿಯರು ಮತ್ತು ವಾಂತಿಯವರು.

ಡ್ರೈವರು ಎಲೆ ಹಂಚಿಯೇಬಿಟ್ಟ. ನಾಲ್ಕನೆಯ ಗುಡ್ಡೆ ಖಾಲಿ ಕುರ್ಚಿಯ ಮುಂದೆ ಬಿತ್ತು. "ಯಜಮಾನ್ರೆ, ನೀವೇ ಕೂತ್ಕೊಳ್ಳಿ" ಎಂದು ಎಲ್ಪಿದ್ಯೊಗೆ ಹೇಳಿದ. "ಇಲ್ಲಾಂದ್ರೆ ನಾವು ಮಿಲ್ ಗೇಟಿಗೆ ಹೋಗ್ತೀವಿ. ಅಲ್ಲಿ ಜನ ಇದ್ದಾರಂತೆ."

"ಕೂತ್ಕೊ ಕಣೋ" ತಿಯಾ ಅವನ ಮೊಣಕೈ ಹಿಡಿದಳು. "ನಿಮ್ಮಪ್ಪನಿಗೋಸ್ಕರ. ಅಣ್ಣ ಬರೋವರೆಗೆ ಮಾತ್ರ. ನೀನು ಆಡೋದಲ್ಲ ಅದು, ಕಾಯೋದು."

"ತಿಯಾ, ಬೇಡಿ" ಅಂದೆ. ನನ್ನ ದನಿ ನನ್ನ ಟ್ರಾಂಬೋನಿನ ಹಾಗೆಯೇ ಸಮಯಕ್ಕೆ ಸರಿಯಾಗಿ ಕೈಕೊಟ್ಟಿತು. ಯಾರಿಗೂ ಕೇಳಿಸಲಿಲ್ಲ.

ಎಲ್ಪಿದ್ಯೊ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ. ಕೂತ. ಅಡಿಗೆಮನೆಯ ಬಾಗಿಲಲ್ಲಿ ಸಿಲ್ದಾ ನಿಂತಿದ್ದಳು. ಕಿರಿಮಗಳ ಒಂದು ಕಾಲಿಗೆ ಚಪ್ಪಲಿ ಹಾಕಿಯಾಗಿತ್ತು, ಇನ್ನೊಂದು ಅವಳ ಕೈಯಲ್ಲಿತ್ತು. ಎಲ್ಪಿದ್ಯೊನ ಕೈ ಎಲೆಗಳ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಅವನ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ಕಂಡೆ. ಊಟದ ವಾಸನೆ ಬಂದ ಹಸಿದವನ ಮೂಗು ಅದು.

"ಎತ್ತಿ, ಯಜಮಾನ್ರೆ" ಅಂದ ಡ್ರೈವರು.

"ನನಗೆ ಹುಚ್ಚಾಸ್ಪತ್ರೆ ಡಾಕ್ಟರು ಔಷಧಿ ಕೊಡ್ತಾ ಇದ್ದಾರೆ" ಅಂದ ಎಲ್ಪಿದ್ಯೊ. ಎಲೆಗಳಿಗೇ ಹೇಳಿದಂತಿತ್ತು. "ಜೂಜಿಗೆ. ಸಿಕಿಹೋರೂ ಇಲ್ಲ, ತಾಯಿತಾನೂ ಇಲ್ಲ. ನಿನ್ನೆಯಿಂದ ಮಾತ್ರೆ ಇಲ್ಲ. ಇದನ್ನ ಎತ್ತಿದ್ರೆ ನಾನು ಇಳಿಸಲ್ಲ. ಅಣ್ಣ ಬಂದ್ರೂ ಇಳಿಸಲ್ಲ, ಅಪ್ಪನ್ನ ಹೂತ್ರೂ ಇಳಿಸಲ್ಲ."

ತಿಯಾ ಕೊನ್ಸಿಂಗ್ ಮುಖ ಮುಚ್ಚಿಕೊಂಡಳು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹತ್ತಿರ ಕೂತಿದ್ದವನು ಅಂಟುಜಾಡ್ಯವೋ ಎಂಬಂತೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದ. ಎಲ್ಪಿದ್ಯೊ ಎದ್ದ. ಏಳುವಾಗ ಮುದುಕನ ಹಾಗೆ ಮೇಜಿಗೆ ಊರಿಕೊಂಡು ಎದ್ದ, ಆದರೆ ಎಲೆಗಳಿಂದ ಆಚೆ ಊರಿಕೊಂಡು.

"ಆ ಕೈ ನನಗೆ ಕೊಡಿ" ಎಂಬ ದನಿ ಬಂತು. ತಿಬುರ್ಸಿಯೊ, ಮುಖ ಬೂದಿ ಬಣ್ಣ, ತೋಳಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದು ಖಾಲಿ ಕುರ್ಚಿಯಲ್ಲಿ ಕುಸಿದ. "ಹೇಗೂ ನನಗೆ ಗೆದ್ರೂ ಏನೂ ಆಗ್ತಿಲ್ಲ, ಸೋತ್ರೂ ಏನೂ ಆಗ್ತಿಲ್ಲ. ಹೆಣದ ಸೇವೆ ಅಂತ ಆಡ್ತೀನಿ. ಮನೋಂಗ್, ಇದು ನಾಳೆಗೆ ಇಳಿಯುತ್ತೆ ತಾನೆ?"

"ಇಳಿಯುತ್ತೆ" ಅಂದೆ.

"ಇಳೀಲಿ. ತಲೇಲಿ ಇಷ್ಟು ಮೌನ ನನಗೆ ಒಗ್ಗಲ್ಲ."

ಆಟ ಶುರುವಾಯಿತು. ಅಷ್ಟು ನೀರಸವಾದ ಇಸ್ಪೀಟನ್ನು ನಾನು ಜೀವಮಾನದಲ್ಲಿ ಆಡಿರಲಿಲ್ಲ, ಆದರೂ ಸೋತೆ. ಬೀದಿಯಿಂದ ನೋಡಿದವರಿಗೆ ಮಾತ್ರ ಮೇಜು ತುಂಬಿತ್ತು, ದೀಪ ಇತ್ತು, ಎಲೆ ಬೀಳುವ ಸದ್ದಿತ್ತು. ಅಷ್ಟು ಸಾಕಾಯಿತು, ಒಬ್ಬಿಬ್ಬರು ಒಳಗೆ ಇಣುಕಿ ಬಂದು ಕೂತರು. ತೊಂಗ್ ಡಬ್ಬಿಯನ್ನು ತಿಯಾ ಕೊನ್ಸಿಂಗ್ ಯಾರ ಮುಖವನ್ನೂ ನೋಡದೆ ತನ್ನ ಮಡಿಲಿಗೆ ಎಳೆದುಕೊಂಡಳು.

ಎಲ್ಪಿದ್ಯೊ ಅಂಗಳ ದಾಟಿ ಸಿಲ್ದಾಳ ಎದುರು ಹೋಗಿ ನಿಂತ. ಅವಳ ಕೈಯಲ್ಲಿ ಇನ್ನೂ ಆ ಚಪ್ಪಲಿ ಇತ್ತು.

"ಮುಟ್ಟಿಲ್ಲ" ಅಂದ.

"ನೋಡ್ದೆ." ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಆಡಬೇಕು ಅನ್ನಿಸ್ತಾ?"

ಇಲ್ಲ ಅನ್ನುತ್ತಾನೆ ಎಂದುಕೊಂಡೆ. ಇಷ್ಟು ವರ್ಷ ನಾನು ಕೇಳಿದ್ದು ಅದನ್ನೇ. ನನ್ನ ಕೈಯಲ್ಲಿದ್ದ ಎಲೆ ನನಗೆ ಕಾಣಿಸುತ್ತಿರಲಿಲ್ಲ.

"ಹೂಂ" ಅಂದ. "ಈಗಲೂ ಅನ್ನಿಸ್ತಿದೆ. ಆ ಸದ್ದು ಕೇಳ್ತಿದೆ ನೋಡು. ಕಾಲು ತಾನಾಗೇ ಆ ಕಡೆ ತಿರುಗ್ತಿದೆ."

ಸಿಲ್ದಾ ಅವನ ಕಾಲನ್ನು ನೋಡಿದಳು. ಆಮೇಲೆ ಬಗ್ಗಿ, ಮಗಳ ಕಾಲಿನ ಚಪ್ಪಲಿ ಬಿಚ್ಚಿ ಎರಡನ್ನೂ ಗೋಡೆ ಬದಿಗೆ ತಳ್ಳಿದಳು. ಒಂದು ಕುರ್ಚಿಯನ್ನು ಎಳೆದು, ಶವಪೆಟ್ಟಿಗೆಯ ಪಕ್ಕಕ್ಕೆ, ಅಂಗಳಕ್ಕೆ ಬೆನ್ನು ಮಾಡಿ ಇಟ್ಟಳು.

"ಹಾಗಾದ್ರೆ ಇಲ್ಲಿ ಕೂತ್ಕೊ. ನಿಮ್ಮಪ್ಪನ ಮುಖ ನೋಡ್ಕೊಂಡು. ಮತ್ತೆ ಅನ್ನಿಸಿದ್ರೆ ಹೇಳು."

ಅವನು ಕೂತ. ನಾನು ಎಲೆ ಇಳಿಸಿದೆ, ತಿಬುರ್ಸಿಯೊ ಆಕಳಿಸುತ್ತ ಅದರ ಮೇಲೆ ತನ್ನದನ್ನು ಹಾಕಿದ. ಒಳಗಿನಿಂದ ಎಲ್ಪಿದ್ಯೊನ ದನಿ ಕೇಳಿಸಿತು, "ಅನ್ನಿಸ್ತಿದೆ."

"ಸರಿ" ಎಂದಳು ಸಿಲ್ದಾ, ಇನ್ನೊಂದು ಕುರ್ಚಿ ಎಳೆಯುತ್ತ.